ಹೊರಡುವ ಮುಂಚಿನ ಒಂದು ಸುತ್ತು

ರೆಕ್ಕೆಯ ಕೆಳಗೆ ಬಗ್ಗಿದ ದಿವ್ಯಾಳಿಗೆ ಮೊದಲು ಕಂಡದ್ದು ಹಳದಿ ಕಣಗಲೆ ಹೂವು. ಅಲ್ಲಿ ಚಾಚಿಕೊಂಡಿದ್ದ ಬೆರಳುಗಾತ್ರದ ಕೊಳವೆಯ ಬಾಯಿಗೆ ಟೋಪಿ ಹಾಕಿದಂತೆ ಅದನ್ನು ಸಿಕ್ಕಿಸಲಾಗಿತ್ತು. ವಿಮಾನದ ವೇಗ ತಿಳಿಯುವುದು ಆ ಕೊಳವೆಗೆ ನುಗ್ಗುವ ಗಾಳಿಯಿಂದ. ಹೂವಿನ ಸಮೇತ ಹಾರಿದರೆ ವೇಗದ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ.

"ಅಜ್ಜೀ!"

"ಏನ್ ಮಗ?" ಶೆಡ್ಡಿನ ಮೂರು ಮೆಟ್ಟಿಲಿನ ಕಬ್ಬಿಣದ ಏಣಿಯ ಮೇಲೆ ಕುಳಿತಿದ್ದ ಚನ್ನಮಲ್ಲಮ್ಮ ಕತ್ತೆತ್ತಿದಳು. "ದೂರ ಓಗೋ ಗಾಡಿ. ಒಂದ್ ಊವ ಮುಡಿಸ್ಬ್ಯಾಡ್ವಾ?"

ದಿವ್ಯಾ ಹಲ್ಲು ಕಚ್ಚಿ ಹೂವು ಕಿತ್ತಳು. ಅಜ್ಜಿಯ ಮೇಲೆ ಕೂಗಾಡುವ ಹಾಗಿರಲಿಲ್ಲ, ಅದೂ ಇವತ್ತು.

ಹೊನ್ನೂರಿನಾಚೆ ಕಬ್ಬಿನ ಗದ್ದೆಯನ್ನು ಸಮ ಮಾಡಿಸಿದ ಈ ರನ್‌ವೇ, ಈ ತಗಡಿನ ಶೆಡ್ಡು, ಈ ಎರಡು ಸೀಟಿನ ಪುಟ್ಟ ವಿಮಾನ, ಇಷ್ಟಕ್ಕೂ ಒಪ್ಪಿಗೆ ಪಡೆಯಲು ಅವಳೂ ಅಪ್ಪ ಶಾಂತಮೂರ್ತಿಯೂ ನಾಲ್ಕು ವರ್ಷ ಕಚೇರಿಗಳನ್ನು ಅಲೆದಿದ್ದರು. ಇವತ್ತು ಅವಳು ಒಬ್ಬಳೇ ಗುಜರಾತಿನ ಭುಜ್‌ಗೆ ಹೊರಟಿದ್ದಳು. ದಾರಿಯಲ್ಲಿ ಮೂರು ಕಡೆ ಇಳಿದು ಎರಡು ದಿನದ ಪಯಣ. ಎಲ್ಲ ಸರಿಹೋಯಿತು ಅನ್ನುವಾಗ ಅಪ್ಪ ಕೈ ಎತ್ತಿಬಿಟ್ಟಿದ್ದ.

"ನಂಗೊತ್ತಿಲ್ಲ ಕಣವ್ವ. ಅವ್ವ ಊ ಅಂದ್ರೆ ಓಗು. ಇಲ್ದಿದ್ರೆ ಇಲ್ಲ."

ದೊಡ್ಡ ದೊಡ್ಡ ಕಚೇರಿಗಳೇ ಊ ಅಂದಿದ್ದವು. ಅಜ್ಜಿ ಮಾತ್ರ ಅಂದಿರಲಿಲ್ಲ. ಎಂಟು ಗಂಟೆ ದಾಟಿದರೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಮೋಡ ಬಂದು ಕವಿಯುತ್ತದೆ, ಆಮೇಲೆ ಇವತ್ತಿನ ಮಾತು ಮುಗಿಯಿತು. ಈಗ ಏಳೂಕಾಲು.

ಎರಡನೆಯದು ವಿಮಾನದ ಬಾಗಿಲ ಪಕ್ಕದಲ್ಲಿ ಕಂಡಿತು. ಮೂರು ಬೆರಳಿನಲ್ಲಿ ದಪ್ಪಗೆ ಎಳೆದ ವಿಭೂತಿ. ಎತ್ತರ ತೋರಿಸುವ ಮೀಟರು ಉಸಿರಾಡುವ ಸಾಸಿವೆಗಾತ್ರದ ತೂತು ಅದರಡಿ ಮುಚ್ಚಿಹೋಗಿತ್ತು.

"ಇಷ್ಟ್ ದೊಡ್ಡ ವಿಮಾನದಲ್ಲಿ ನಿಂಗೆ ಇದೊಂದೇ ಜಾಗ ಸಿಕ್ತಾ?"

"ಅಣೆ ಅನ್ಕಂಡೆ ಕಣ್ ಮಗ."

ಪಕ್ಕದಲ್ಲಿ ನಿಂತಿದ್ದ ಅಪ್ಪ ಮೀಸೆಯಡಿ ನಕ್ಕ. ದಿವ್ಯಾಳಿಗೆ ನಗು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚು ಹಾಕಿ ತೂತನ್ನು ನೋಡಿದಳು. ಹಿಂದೆ ಅಜ್ಜಿಯ ತುಟಿ ಅಲುಗುತ್ತಿತ್ತು. ಪಂಚಾಕ್ಷರಿ ಜಪ ಇರಬೇಕು.

ಅಜ್ಜಿಯ ಕಾಟ ಹೊಸದೇನಲ್ಲ. ಮನೆಯ ಆಲೆಮನೆಯನ್ನು ಮೂವತ್ತು ವರ್ಷ ನಡೆಸಿದವಳು ಅವಳು. ತಾನು ಒಂದು ಸುತ್ತು ಬಂದು ಬೆಲ್ಟು, ಬೋಲ್ಟು ಮುಟ್ಟಿ ನೋಡದೆ ಯಾರೂ ಎಂಜಿನ್ ಚಾಲೂ ಮಾಡಕೂಡದು ಎಂದು ಗಂಡನನ್ನೂ ನಿಲ್ಲಿಸುತ್ತಿದ್ದಳಂತೆ. ಹದಿನೈದು ದಿನದಿಂದ ದಿವ್ಯಾಳನ್ನೂ ಬಿಟ್ಟಿರಲಿಲ್ಲ. "ಅದೇನೇನ್ ನೋಡೀಯೆ, ಓದು" ಎಂದು ಪ್ರತಿ ಸಂಜೆ ತಪಾಸಣೆಯ ಪುಸ್ತಕವನ್ನು ಕನ್ನಡದಲ್ಲಿ ಓದಿಸಿಕೊಂಡಿದ್ದಳು. ಎರಡನೇ ಪುಟಕ್ಕೆ ಕಣ್ಣು ಮುಚ್ಚುತ್ತಿದ್ದಳು. ಗೋಡೆಗೆ ಓದಿದ ಹಾಗಾಯಿತು ಎಂದು ದಿವ್ಯಾ ಗೊಣಗುತ್ತಿದ್ದಳು.

ಬಾಲದ ಹತ್ತಿರ ಮೂರನೆಯದು. ಮೇಲೆ ಕೆಳಗೆ ಆಡಬೇಕಾದ ಪಟ್ಟಿಯನ್ನು ದೃಷ್ಟಿದಾರದಿಂದ ಬಿಗಿಯಾಗಿ ಕಟ್ಟಲಾಗಿತ್ತು. ಹಾಗೇ ಓಡಿಸಿದ್ದರೆ ಮೂಗು ನೆಲ ಬಿಟ್ಟು ಏಳುತ್ತಿರಲಿಲ್ಲ. ದಾರ ಕತ್ತರಿಸಿ ಎಸೆದಳು. ನಿಜಕ್ಕೂ ಸಿಟ್ಟು ಬಂದಿತ್ತು. ಹೋಗಬೇಡ ಅನ್ನುವುದಾದರೆ ಬಾಯಿಬಿಟ್ಟು ಅನ್ನಬಾರದೇ?

ನಾಲ್ಕನೆಯದು ಸೀಟಿನ ಹಿಂದೆ. ನಿನ್ನೆ ರೇಷ್ಮೆಗೂಡು ತೂಗುವ ಯಂತ್ರದ ಮೇಲಿಟ್ಟಾಗ ಅವಳ ಚೀಲ ಹದಿನೆಂಟು ಕೆಜಿ ಇತ್ತು. ಇವತ್ತು ಎತ್ತಿದರೆ ತೋಳು ಜಗ್ಗಿತು. ಬಟ್ಟೆಗಳ ನಡುವೆ ಆರು ಕೆಜಿ ಅಚ್ಚುಬೆಲ್ಲ.

"ಅಲ್ಲಿ ಬೆಲ್ಲ ಸಿಕ್ಕಲ್ವಾ ಅಜ್ಜಿ?"

"ನಮ್ ಬೆಲ್ಲ ಸಿಕ್ಕದಾ?"

ಬೆಲ್ಲ ಅಪ್ಪನ ಕೈ ಸೇರಿತು. ಗಂಟೆ ಏಳೂ ಮುಕ್ಕಾಲು. ಎಂಜಿನ್ ಆಯಿಲ್ ನೋಡಿದಳು, ಟೈರು ಒತ್ತಿದಳು, ಬ್ರೇಕು ನೋಡಿದಳು. ರೆಕ್ಕೆಯ ಮೇಲಿನ ಪೆಟ್ರೋಲ್ ಟ್ಯಾಂಕುಗಳನ್ನು ಬೆಳಕು ಹರಿಯುವಾಗಲೇ ನೋಡಿ, ಮುಚ್ಚಳ ಬಿಗಿದು, ಆಮೇಲೆ ಮನೆಗೆ ಹೋಗಿ ಉಪ್ಪಿಟ್ಟು ತಿಂದು ಬಂದಿದ್ದಳು. ಇನ್ನೊಮ್ಮೆ ಹತ್ತಿ ನೋಡೋಣವೆಂದರೆ ಏಣಿಯ ಮೇಲೆ ಅಜ್ಜಿ ಇದ್ದಾಳೆ. ಮಂಡಿನೋವಿನ ಮುದುಕಿಯನ್ನು ಎಬ್ಬಿಸುವುದೇಕೆ? ನೋಡಿ ಆಗಿದೆಯಲ್ಲ.

ಕಾಲಿಗೆ ನಮಸ್ಕಾರ ಮಾಡಿದಳು. ಅಜ್ಜಿಯ ಸೆರಗು ವಿಭೂತಿಯ ಜೊತೆಗೆ ಪೆಟ್ರೋಲೂ ನಾರುತ್ತಿತ್ತು. ಈ ಶೆಡ್ಡಿಗೆ ಬಂದ ಯಾರ ಬಟ್ಟೆ ನಾರುವುದಿಲ್ಲ!

"ಎಲ್ಲಾ ನೋಡ್ದಾ ಮಗ?"

"ನೋಡ್ದೆ ಅಜ್ಜಿ. ಒಂದೂ ಬಿಟ್ಟಿಲ್ಲ. ಈಗಾದ್ರೂ ಊ ಅನ್ನು."

ಚನ್ನಮಲ್ಲಮ್ಮ ಊ ಅನ್ನಲಿಲ್ಲ. ಮೆಲ್ಲಗೆ ಎದ್ದು, ನಡೆದು ಹೋಗಿ, ವಿಮಾನದ ಫ್ಯಾನಿಗೆ ಬೆನ್ನು ಮಾಡಿ ಅಡ್ಡ ನಿಂತಳು.

ದಿವ್ಯಾಳ ಕಣ್ಣು ತುಂಬಿತು. "ನಿನ್ ಪೂಜೆ ಎಲ್ಲಾ ಕಿತ್ತಾಕ್ದೆ ಅಂತ ಕ್ವಾಪನಾ? ಹೂವ ಅಲ್ಲಿ ಇಡ್ಬಾರ್ದು ಅಜ್ಜಿ, ವಿಭೂತಿ ಆ ತೂತಿಗೆ ಬಳೀಬಾರ್ದು. ನಿಂಗೆ ಹೆಂಗ್ ಅರ್ಥ ಮಾಡ್ಸ್ಲಿ?"

ಅಜ್ಜಿ ಮೊಮ್ಮಗಳ ಕೆನ್ನೆ ಒರೆಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀ ದಿನಾ ಓದ್ತಿದ್ಯಲ್ಲ, ಆ ಪುಸ್ತಕದಲ್ಲಿರೋವ್ನೇ ಆರ್ಸಿ ಆರ್ಸಿ ಕೆಡಿಸ್ದೆ ಕಣವ್ವ, ಕಂಡ್ಕಂಡೀಯಾ ಅಂತ. ನೀ ನಾಕು ಕಂಡ್ಕಂಡೆ. ನಾ ಕೆಡಿಸಿರದು ಐದು."