ಈಡುಗಾಯಿ

ದೇವಸ್ಥಾನದೆದುರು ಈಡುಗಾಯಿ ಒಡೆಯಲು ಎತ್ತಿದ ವೆಂಕಟರಂಗಯ್ಯನವರ ಕೈ ಹಾಗೇ ನಿಂತಿತು. ಎಸೆಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದ ಮೊಮ್ಮಗಳು ಮಾನಸಾ, "ಎಲ್ಲಾ ದೇವರ ದಯೆ ಅಲ್ವಾ ತಾತ?" ಎಂದಿದ್ದಳು. ತಾತನ ಬಾಯಿಂದಲೇ ಕಲಿತ ಮಾತು.

ಪಕ್ಕದಲ್ಲಿದ್ದ ಮಗಳು ಸುಧಾಳಿಗೆ ಮೂವತ್ತು ವರ್ಷದ ಹಿಂದಿನ ಇದೇ ಗುಬ್ಬಿ ಊರು ಕಣ್ಮುಂದೆ ಬಂತು. ಅವಳು ಎಸೆಸೆಲ್ಸಿ ಪಾಸಾದಾಗ ಅಪ್ಪ ಇದೇ ಕಲ್ಲಿಗೆ ಕಾಯಿ ಹೊಡೆದು, ದೇವರೇ ಪಾಸು ಮಾಡಿಸಿದನೆಂದು ಸಂತೆಗೆಲ್ಲ ಸಾರಿದ್ದರು. ಬೆಳಗಿನ ಜಾವ ಕೊಟ್ಟಿಗೆಯ ಬಲ್ಬಿನ ಕೆಳಗೆ, ಹಸುವಿನ ಪಕ್ಕ ಕೂತು ಅವಳು ಓದಿದ್ದರ ಮಾತನ್ನು ಯಾರೂ ಎತ್ತಲಿಲ್ಲ. ಪಿಯುಸಿಯಲ್ಲಿ ಲೆಕ್ಕ ಹೋದಾಗ ಮಾತ್ರ, "ನೀನು ಓದ್ಲಿಲ್ಲ" ಎಂದುಬಿಟ್ಟರು. ಅವತ್ತು ದೇವರ ಸುದ್ದಿಯೇ ಬರಲಿಲ್ಲ.

ವೆಂಕಟರಂಗಯ್ಯ ಕೈ ಇಳಿಸಿದರು. "ದೇವ್ರೇನು ನಿನ್ ಜೊತೆ ಕೂತು ಲೆಕ್ಕ ಮಾಡಿದ್ನಾ? ಓದಿದ್ದು ನೀನು ಕಣೇ," ಎಂದು ಮೊಮ್ಮಗಳ ತಲೆ ಸವರಿದರು.

ಸುಧಾ ಮುಖ ತಿರುಗಿಸಿಕೊಂಡಳು. ತನಗೆ ಬರಬೇಕಾಗಿದ್ದ ಮಾತು ಮಗಳಿಗಾದರೂ ಬಂತಲ್ಲ ಎಂದುಕೊಳ್ಳುವಷ್ಟರಲ್ಲಿ, ಅಪ್ಪ ಆ ಜುಟ್ಟುಗಾಯಿಯನ್ನು ಸುಧಾಳ ಕೈಗಿಟ್ಟರು.

"ಇದನ್ನ ನೀನ್ ಹೊಡಿಯವ್ವ. ಕೊಟ್ಟಿಗೇಲಿ ಲೈಟ್ ಉರೀತಿದ್ದದ್ದು ನಂಗೆ ದಿನಾ ಕಾಣೋದು."