ತೆರೆಯಬಾರದ ಪೆಟ್ಟಿಗೆ

ಟ್ಯೂಬು ಮತ್ತೆ ಹಸಿರಾಗಿ ಹೊಳೆಯಿತು. ಹೊಳೆಯಬಾರದಿತ್ತು.

“ಮೂರನೇ ಸಲ!” ಪ್ರೊಫೆಸರರು ಮೇಜು ಗುದ್ದಿದರು. “ಕೈಗವಸು ಬದಲಾಯಿಸಿದ್ಯಾ?”

“ಬದಲಾಯಿಸಿದೆ ಸರ್,” ಎಂದಳು ಸಂಶೋಧನಾ ವಿದ್ಯಾರ್ಥಿನಿ.

ಆ ಪ್ರಯೋಗಾಲಯದ ಹೆಮ್ಮೆಯೇ ಟ್ಯೂಬಿನೊಳಗಿನ ಈ ಪೆಟ್ಟಿಗೆ. ಡಿಎನ್‌ಎ ಎಳೆಗಳನ್ನು ಬೆರೆಸಿ, ಬಿಸಿ ಮಾಡಿ, ಮೆಲ್ಲಗೆ ಆರಲು ಬಿಟ್ಟರೆ ಸಾಕು. ತಾವೇ ಮಡಚಿಕೊಂಡು, ಕಣ್ಣಿಗೆ ಕಾಣದಷ್ಟು ಪುಟ್ಟ ಪೆಟ್ಟಿಗೆಗಳಾಗುತ್ತವೆ. ಪ್ರೊಫೆಸರರ ಅಪ್ಪಣೆಯಿಲ್ಲದೆ ಅಲ್ಲಿ ನಡೆಯುತ್ತಿದ್ದ ಕೆಲಸ ಅದೊಂದೇ. ಪೆಟ್ಟಿಗೆಗೊಂದು ಬೀಗ. ರಕ್ತದಲ್ಲಿ ಕ್ಯಾನ್ಸರಿನ ಗುರುತು ಸಿಕ್ಕರೆ ಮಾತ್ರ ಬೀಗ ತೆರೆದು ಹಸಿರು ಬೆಳಕು ಚೆಲ್ಲಬೇಕು. ಆರೋಗ್ಯವಂತರ ರಕ್ತದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರಬೇಕು.

ಆರೋಗ್ಯವಂತರ ರಕ್ತವೆಂದರೆ ಇಲ್ಲಿ ಮೊದಲಿನಿಂದಲೂ ಪ್ರೊಫೆಸರರದ್ದೇ. ಬೇರೆಯವರ ರಕ್ತದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಅರವತ್ತರ ಹೊಸ್ತಿಲಲ್ಲೂ ಸೊಂಟ ಹೇಗೆ ಕರಗಿದೆ ನೋಡಿ ಎಂದು, ಬೆಲ್ಟಿಗೆ ತಾವೇ ಚುಚ್ಚಿದ ಹೊಸ ತೂತನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಎಲ್ಲ ಬೆಳಗಿನ ನಡಿಗೆಯ ಪ್ರತಾಪ. ಈಚೆಗೆ ನಡಿಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೆ ಕಾರಣ ಹಾಳಾದ ರಸ್ತೆ.

“ಹೋದ ವರ್ಷ ಎಲ್ಲ ಸರಿಯಾಗಿತ್ತು. ನೀನು ಕಾಲಿಟ್ಟೆ, ಕೆಟ್ಟಿತು,” ಎಂದರು. “ನಾಳೆ ಇದನ್ನ ಪರಿಶೀಲಿಸೋಕೆ ಸಮಿತಿಯವರು ಬರ್ತಾರೆ. ಅಷ್ಟರಲ್ಲಿ ತಪ್ಪು ಎಲ್ಲಿದೆ ಹುಡುಕು. ಇಲ್ಲಾಂದ್ರೆ ಬೇರೆ ಗೈಡ್ ಹುಡುಕ್ಕೋ.”

“ಸರ್, ಬೇರೆಯವರ ರಕ್ತದಲ್ಲಿ ಒಂದ್ಸಲ...”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಪ್ರೊಫೆಸರರು ಹೊರದಬ್ಬಿದವರನ್ನು ಸೇರಿಸಿಕೊಳ್ಳುವ ಎದೆಗಾರಿಕೆ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ತನ್ನ ಓದು ಮುಗಿದಂತೆಯೇ ಎಂದುಕೊಂಡು ಅವಳು ಹೊಸ ಎಳೆಗಳನ್ನು ಬಿಸಿಗಿಟ್ಟಳು.

ಮರುದಿನ ಪ್ರೊಫೆಸರರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು. ಕೋಟು ಹೆಗಲಿನಿಂದ ಜಾರುತ್ತಿತ್ತು. ವಿದ್ಯಾರ್ಥಿನಿಯ ಕಣ್ಣುಗಳು ಅತ್ತು ಕೆಂಪಾಗಿದ್ದವು. ಪಶ್ಚಾತ್ತಾಪವಿರಬೇಕೆಂದು ಅವರಿಗೆ ಭಾರೀ ಸಂತೋಷವಾಯಿತು.

“ತಪ್ಪು ಎಲ್ಲಿದೆ ಅಂತ ಗೊತ್ತಾಯ್ತಾ?”

“ಗೊತ್ತಾಯ್ತು ಸರ್.”

“ನನ್ನಲ್ಲಂತೂ ಇರೋಕೆ ಸಾಧ್ಯವೇ ಇಲ್ಲ.”

ಅವಳು ದೀಪ ಆರಿಸಿದಳು. ಮೇಜಿನ ಮೇಲೆ ಐದು ಟ್ಯೂಬುಗಳು, ಐವರ ರಕ್ತ. ತನ್ನದು, ಗುಮಾಸ್ತರದ್ದು, ವಾಚ್‌ಮನ್‌ನದು, ನೆಲ ಒರೆಸುವ ಅಜ್ಜಿಯದು. ನಾಲ್ಕರಲ್ಲೂ ಬರೀ ಕತ್ತಲೆ. ಕೊನೆಯ ಟ್ಯೂಬು ಮಾತ್ರ ಹಸಿರಾಗಿ ಹೊಳೆಯುತ್ತಿತ್ತು.

“ಪೆಟ್ಟಿಗೆ ಸರಿಯಾಗೇ ಇದೆ ಸರ್. ನೀವು ಇವತ್ತೇ ಡಾಕ್ಟರ ಹತ್ರ ಹೋಗಿ.”