ಕರೆದರೆ ಅಂಕ ಕಡಿತ

"ಪ್ರೋಗ್ರಾಂ ಬರೆದವರು ಹೊರಗೆ, ಜೊತೆಗಾರರು ಒಳಗೆ," ಎಂದು ಮೇಡಂ ಲ್ಯಾಬಿನ ಬಾಗಿಲು ತೋರಿಸಿದರು. ಪಂಡಿತ ಎದ್ದನೇ ಹೊರತು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ಸ್ವಲ್ಪ ಅನುಮಾನ ಬಂದ್ರೂ ಕರಿ, ಸಂಕೋಚ ಪಟ್ಕೋಬೇಡ," ಎಂದು ತಂಗಿಯ ಕಿವಿಯಲ್ಲಿ ಉಸುರಿದ.

"ಕರೆದ್ರೆ ಅಂಕ ಹೋಗುತ್ತೆ ಕಣೋ. ಹೋಗು ಸುಮ್ನೆ."

ಇಬ್ಬರೂ ಅವಳಿಗಳು. ಕೆಲವೇ ನಿಮಿಷ ಮೊದಲು ಹುಟ್ಟಿದ ಒಂದೇ ಅರ್ಹತೆಯಿಂದ ಅವನಿಗೆ ಅಣ್ಣನ ಹುದ್ದೆ ಸಿಕ್ಕಿತ್ತು. ಅದನ್ನು ಅವನು ಬಲು ಶ್ರದ್ಧೆಯಿಂದ ನಡೆಸಿಕೊಂಡೂ ಬಂದಿದ್ದ. ಶಾಲೆಯ ಲೆಕ್ಕವಿರಲಿ, ಕಳಚಿದ ಸೈಕಲ್ ಚೈನಿರಲಿ, ತಂಗಿ ಕೈ ಹಾಕುವ ಮೊದಲೇ "ಬಿಡು, ನಾನು ಮಾಡ್ತೀನಿ" ಎನ್ನುತ್ತಿದ್ದ. ಕಾಲೇಜಿನ ಮೊದಲ ವರ್ಷದ ಪ್ರೋಗ್ರಾಮಿಂಗಿನಲ್ಲಿ ತರಗತಿಗೇ ಮೊದಲಿಗನಾದ ಮೇಲೆ ಗೆಳೆಯರು ಪಂಡಿತ ಎಂದು ಹೆಸರಿಟ್ಟರು. ಅದು ತಮಾಷೆ ಎಂದು ಅವನಿಗೆ ಇನ್ನೂ ಗೊತ್ತಾಗಿಲ್ಲ.

ಎರಡನೇ ವರ್ಷ, ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಬರೆಯಬೇಕಾದ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಬಂತು, ಪಂಡಿತನ ಕಾಲು ಜಾರಿತು. ಲಿಫ್ಟ್ ನಡೆಸುವ ಪ್ರೋಗ್ರಾಂ ಬರೆಯಿರಿ ಎಂದಿದ್ದರು ಮೇಡಂ. ಅವನು ಹಳೆಯ ಅಭ್ಯಾಸದಂತೆ ಎಲ್ಲವನ್ನೂ ಒಂದೇ ಕಡೆ ತುರುಕಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಬರೆದ. ಅದು ಓಡಿತು ಕೂಡ. ಆದರೆ ಮೇಡಂ ಪರೀಕ್ಷೆಯ ಪದ್ಧತಿಯೇ ಬೇರೆ. ಬರೆದವನನ್ನು ಹೊರಗೆ ನಿಲ್ಲಿಸಿ, ಅದರಲ್ಲಿ ಏನಾದರೊಂದು ಬದಲಾವಣೆಯನ್ನು ಜೊತೆಗಾರರಿಂದ ಮಾಡಿಸುತ್ತಾರೆ. ಬರೆದವನನ್ನು ಕರೆದಷ್ಟು ಸಲ ಅಂಕ ಕಡಿತ. ಅಂದು ತಂಗಿ ಬಾಗಿಲಿನ ಸಾಲು ಮುಟ್ಟಿದರೆ ಮಹಡಿಯ ಲೆಕ್ಕ ಕೆಟ್ಟಿತು, ಮಹಡಿ ಸರಿಮಾಡಿದರೆ ಬಟನ್ ಸತ್ತಿತು. ಅವಳು ಕರೆದೇ ಕರೆದಳು, ಅವನು ಓಡಿ ಓಡಿ ಬಂದ. ಇಬ್ಬರಿಗೂ ಸೊನ್ನೆ.

ಇವತ್ತಿನದು ಕೊನೆಯ ಅವಕಾಶ. ಇದೂ ಕೈಬಿಟ್ಟರೆ ಇಬ್ಬರೂ ಮುಂದಿನ ವರ್ಷ ಕಿರಿಯರ ಪಕ್ಕದಲ್ಲಿ ಕೂತು ಇದೇ ಪಾಠ ಕೇಳಬೇಕು. ಪಂಡಿತ ಹಮ್ಮು ನುಂಗಿಕೊಂಡು ಎಲ್ಲವನ್ನೂ ಬಿಡಿಸಿ ಹೊಸದಾಗಿ ಬರೆದಿದ್ದ. ಬಟನ್ನಿಗೆ ಬಟನ್ನಿನ ಕೆಲಸ, ಬಾಗಿಲಿಗೆ ಬಾಗಿಲಿನ ಕೆಲಸ. ಒಂದರ ಕೆಲಸದಲ್ಲಿ ಇನ್ನೊಂದು ಮೂಗು ತೂರಿಸುವಂತಿಲ್ಲ. ಬರೆಯುವಾಗ ಇದು ಅವನಿಗೆ ಬಹಳ ಕಷ್ಟವಾಗಿತ್ತು.

ಈಗ ಅವನ ಸ್ವಂತ ಮೂಗು ಲ್ಯಾಬ್ ಬಾಗಿಲಿನ ಗಾಜಿಗೆ ಅಂಟಿತ್ತು. ಮೇಡಂ ಬೋರ್ಡಿನ ಮೇಲೆ 'ಇನ್ನೊಂದು ಲಿಫ್ಟ್ ಸೇರಿಸಿ' ಎಂದು ಬರೆದರು. ತಂಗಿ ಹುಬ್ಬು ಗಂಟಿಕ್ಕಿದಳು. ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಅವಳು ತಲೆ ಕೆರೆದುಕೊಂಡು, ಏನೋ ಟೈಪ್ ಮಾಡಿ, ಕಂಪ್ಯೂಟರ್ ನೋಡಿ ನಕ್ಕಳು. ನಗುವಂಥದ್ದು ನಾನೇನೂ ಬರೆದಿಲ್ಲವಲ್ಲ ಎಂದು ಅವನಿಗೆ ಗಾಬರಿಯಾಯಿತು. ಒಮ್ಮೆ ಅವಳು ಬಾಗಿಲ ಕಡೆ ತಿರುಗಿದಳು. ಬರಲಾ ಎಂದು ಅವನು ಕಣ್ಣಲ್ಲೇ ಕೇಳಿದ. ಅವಳು ಬೆಳಕಿಗೆ ಅಡ್ಡ ನಿಲ್ಲಬೇಡವೆಂದು ಕೈ ಬೀಸಿ ಮತ್ತೆ ಕೆಲಸಕ್ಕೆ ತಿರುಗಿದಳು. ಕರೆಯದಿರಲಿ ದೇವರೇ ಎಂದು ಬೇಡಿಕೊಂಡವನು ಅವನೇ. ಕರೆಯಲಿಲ್ಲವಲ್ಲ ಎಂದು ಬೇಜಾರಾದವನೂ ಅವನೇ.

ಕೊನೆಗೆ ಮೇಡಂ ಬಾಗಿಲು ತೆಗೆದರು. "ಎರಡು ಲಿಫ್ಟೂ ಓಡ್ತಿವೆ. ಪೂರ್ತಿ ಅಂಕ."

"ಒಂದ್ಸಲಾನೂ ಕರೀಬೇಕು ಅನ್ನಿಸ್ಲಿಲ್ವಾ ಮೇಡಂ ಅವಳಿಗೆ?"

"ನಿನ್ನ ಹೆಸರೂ ಎತ್ತಲಿಲ್ಲ. ಅಷ್ಟು ಚೆನ್ನಾಗಿ ಬರ್ದಿದ್ದೀಯ."

ಇಷ್ಟು ದೊಡ್ಡ ಹೊಗಳಿಕೆ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ, ಇಷ್ಟು ನೋವೂ ಆಗಿರಲಿಲ್ಲ. ಮೇಡಂ ಮುಂದಿನ ಜೋಡಿಯನ್ನು ಕರೆದು ಒಬ್ಬನನ್ನು ಒಳಗೆ ಕೂರಿಸಿದರು. ಹೊರಗುಳಿದವನು ಆರಾಮವಾಗಿ ಮೆಟ್ಟಿಲ ಮೇಲೆ ಕೂತು ಮೊಬೈಲ್ ತೆಗೆದ. ತಂಗಿ ಬ್ಯಾಗ್ ಹೆಗಲಿಗೇರಿಸಿ ಕುಣಿಯುತ್ತಲೇ ಬಂದಳು.

"ನಡಿಯೋ, ಹೊಟ್ಟೆ ಚುರುಗುಟ್ತಿದೆ. ಅಮ್ಮಂಗೂ ಫೋನ್ ಮಾಡ್ಬೇಕು."

"ನೀನು ನಡೀತಿರು," ಎಂದ ಪಂಡಿತ, ಮುಚ್ಚಿದ ಬಾಗಿಲಿನ ಗಾಜಿಗೆ ಮತ್ತೆ ಮೂಗು ಅಂಟಿಸಿ. "ಒಳಗಿಂದ ಯಾರಾದ್ರೂ ಕರೀಬಹುದು."